ಸೊಸೆಗೊಬ್ಬ ಗಿರಾಕಿ

ನನ್ನ ಸೊಸೆ ಶ್ರೀವಿದ್ಯಾ ಪ್ರೋಗ್ರಾಮಿಂಗ್ ಕಲಿಯಲು ಹೊರಟಾಗ ಅದರ ಬಿಸಿ ಮೊದಲು ತಟ್ಟಿದ್ದು ನಮ್ಮ ಕುಕ್ಕರಿಗೆ. ಯಾವ ಕ್ಲಾಸಿಗೂ ಹೋಗದೆ, ಡೊಂಬಿವಲಿಯ ನಮ್ಮ ಫ್ಲ್ಯಾಟಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಇಂಟರ್‌ನೆಟ್ಟಿನಲ್ಲಿ ಸಿಕ್ಕ ಪಾಠಗಳನ್ನು ನೋಡಿ ನೋಡಿ ಅವಳು ಕಲಿತಳು. ಕಲಿತದ್ದು ಕೈಗೆ ಹತ್ತಬೇಕಾದರೆ ಸ್ವಂತವಾಗಿ ಏನಾದರೂ ಮಾಡಿ ನೋಡಬೇಕಂತೆ. ಪಾಠದವರು ಹೇಳಿದ ಕ್ಯಾಲ್ಕುಲೇಟರು, ಹಾವಿನ ಆಟ ಎಲ್ಲ ಮುಗಿದವು. ಆಮೇಲೆ ಮನೆಯಲ್ಲಿ ಕಣ್ಣಿಗೆ ಬಿದ್ದದ್ದೆಲ್ಲ ಅವಳಿಗೆ ಪ್ರಾಜೆಕ್ಟ್ ಆಗಿ ಕಾಣತೊಡಗಿತು.

ಕುಕ್ಕರಿನ ಕೂಗು ಎಣಿಸಿ, ಸಾಕಾದಾಗ ಗಂಟೆ ಬಾರಿಸುವ ಪ್ರೋಗ್ರಾಂ ಅವಳ ಮೊದಲ ಸ್ವಂತ ಕೆಲಸ. ನಮ್ಮ ಕಟ್ಟಡ ಇರುವುದು ಠಾಕುರ್ಲಿ ಕಡೆಗೆ, ರೈಲು ಹಳಿಯ ಪಕ್ಕ. ಲೋಕಲ್ ಗಾಡಿಗಳ ಹಾರ್ನನ್ನೂ ಅದು ಕೂಗೆಂದೇ ಲೆಕ್ಕಕ್ಕೆ ಹಿಡಿಯಿತು. ಗಂಟೆ ಬಾರಿಸಿತೆಂದು ಮುಚ್ಚಳ ತೆಗೆದರೆ ಅಕ್ಕಿ ಇನ್ನೂ ಅಕ್ಕಿಯಾಗಿಯೇ ಇತ್ತು. ಅಂದು ರಾತ್ರಿ ನಾವು ಅವಲಕ್ಕಿ ಕಲಸಿಕೊಂಡು ತಿಂದೆವು. ನನ್ನ ಮಗ ಅಭಿ ತಾಳ್ಮೆಯ ಪ್ರಾಣಿ. ಠಾಣೆಯ ಫೈನಾನ್ಸ್ ಕಂಪನಿಯಲ್ಲಿ ಇಡೀ ದಿನ ಬೈಸಿಕೊಂಡು ಬರುವವನಿಗೆ ಮನೆಯಲ್ಲಿ ಅವಲಕ್ಕಿ ದೊಡ್ಡ ವಿಷಯವಲ್ಲ. ನಾನು ಮಾತ್ರ ಸುಮ್ಮನಿರಲಿಲ್ಲ. ಸುಮ್ಮನಿರುವುದು ನನ್ನ ಜಾಯಮಾನದಲ್ಲೇ ಇಲ್ಲ.

ಹಾಗೆಂದು ಅವಳ ಓದು ನನಗೆ ಬೇಡವಾಗಿತ್ತು ಅಂತಲ್ಲ. ಮೈಸೂರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದ ಹುಡುಗಿ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಮರಾಠಿ ಬರುವುದಿಲ್ಲ, ಇಲ್ಲಿಯ ಅನುಭವವಿಲ್ಲ ಎಂದು ಎಲ್ಲರೂ ವಾಪಸು ಕಳಿಸಿದ್ದರು. ಮಧ್ಯಾಹ್ನ ಅವಳು ಕಿಟಕಿಯ ಹತ್ತಿರ ನಿಂತು, ಕೆಲಸಕ್ಕೆ ಹೋಗುವ ಹೆಂಗಸರನ್ನು ನೋಡುತ್ತಿದ್ದ ರೀತಿ ಕಂಡು, ಇವಳಿಗೂ ಒಂದು ಕೆಲಸ ಸಿಗಲಿ ಎಂದು ದೇವರಿಗೆ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಅದನ್ನು ಬಾಯಿಬಿಟ್ಟು ಹೇಳಲು ಬರುತ್ತಿರಲಿಲ್ಲ ಅಷ್ಟೆ. ಅದರ ಬದಲು ಕುಕ್ಕರಿನ ವಿಷಯಕ್ಕೆ ಬೈಯುತ್ತಿದ್ದೆ.

ಮಹಾಪೆಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ ಅವಳನ್ನು ಮಾತಿಗೆ ಕರೆದದ್ದು ಎರಡು ಸಾವಿರದ ಹದಿನಾಲ್ಕರ ಮಾರ್ಚಿನಲ್ಲಿ. ಅಲ್ಲಿ ಇಂಟರ್‌ವ್ಯೂ ಮಾಡಲು ಕೂತಿದ್ದವಳು ಬೆಂಗಳೂರಿನ ಸ್ಪಂದನಾ ಎಂಬ ಹುಡುಗಿ, ನನ್ನ ಸೊಸೆಗಿಂತ ಚಿಕ್ಕವಳು. ಕುಕ್ಕರಿನ ಕಥೆ ಕೇಳಿ ನಕ್ಕಳಂತೆ. ನಕ್ಕು, ಇವೆಲ್ಲ ಅಭ್ಯಾಸಕ್ಕೆ ಸರಿ, ಆದರೆ ನೀವು ಮಾಡಿದ್ದನ್ನು ಮನೆಯವರಲ್ಲದ ಒಬ್ಬರಾದರೂ ನಿಜವಾಗಿ ಬಳಸುತ್ತಿರಬೇಕು, ಅಂಥದ್ದೊಂದು ಮಾಡಿಕೊಂಡು ಮೇ ತಿಂಗಳಲ್ಲಿ ಬನ್ನಿ, ಬಳಸುವವರಿಗೆ ನಾನೇ ಫೋನ್ ಮಾಡಿ ಕೇಳುತ್ತೇನೆ ಎಂದಳಂತೆ. ಕೆಲಸ ಸಿಗುವುದು ಬಿಡುವುದು ಆ ಒಂದು ಫೋನಿನ ಮೇಲೆ ನಿಂತಿತು.

ಅಲ್ಲಿಂದ ಗಿರಾಕಿ ಹುಡುಕುವ ಪರದಾಟ ಶುರುವಾಯಿತು. ಕನ್ನಡ ಸಂಘದ ಅಧ್ಯಕ್ಷ ಭುಜಂಗರಾಯರನ್ನು ಕೇಳಿದಳು. ತಮ್ಮ ಫೋಟೋ ನಿಧಾನವಾಗಿ ತಿರುಗುತ್ತಾ ದೊಡ್ಡದಾಗುವಂಥ ವೆಬ್‌ಸೈಟ್ ಆದರೆ ಆಗಬಹುದು ಎಂದರು. ಮಾಡಿಕೊಟ್ಟಳು. ಅದನ್ನು ಅವರೊಬ್ಬರೇ ನೋಡುತ್ತಿದ್ದರು, ಅದೂ ಕನ್ನಡಿ ನೋಡಿದ ಹಾಗೆ. ನಮ್ಮ ಕಟ್ಟಡದ ಸೊಸೈಟಿಯವರಿಗೆ ನೀರು ಬಿಡುವ ಹೊತ್ತು ತಿಳಿಸುವ ಪ್ರೋಗ್ರಾಂ ಮಾಡಿದಳು. ನೀರು ಬಿಡುವವನಿಗೇ ಆ ಹೊತ್ತು ಗೊತ್ತಿರಲಿಲ್ಲ. ಏಪ್ರಿಲ್ ಅರ್ಧ ಕಳೆಯುವ ಹೊತ್ತಿಗೆ ಅವಳ ಮುಖ ಬಾಡಿಹೋಗಿತ್ತು.

ಕೊನೆಗೆ ಗಿರಾಕಿ ಸಿಕ್ಕಿದ್ದು ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ. ಅದರ ಮಾಲೀಕ ವಿಷ್ಣುಮೂರ್ತಿಯವರು ನಮ್ಮ ಹಾಗೆಯೇ ಮಾಧ್ವರು, ಮಠದ ಆರಾಧನೆಗಳಲ್ಲಿ ಸಿಕ್ಕಿ ಪರಿಚಯ. ನಾವಿಬ್ಬರೂ ಕಾಫಿ ಕುಡಿಯಲು ಹೋದ ದಿನ ಅವರು ಗಲ್ಲಾದಲ್ಲಿ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಏಕಾದಶಿ ಬಂತೆಂದರೆ ಮರಾಠಿ ಗಿರಾಕಿಗಳಿಗೆ ಸಾಬುದಾಣೆ ಖಿಚಡಿ ಬೇಕೇ ಬೇಕು. ಸಾಬುದಾಣೆ, ಅಂದರೆ ನಮ್ಮ ಸಬ್ಬಕ್ಕಿಯನ್ನು, ಹಿಂದಿನ ಸಂಜೆಯೇ ನೆನೆಹಾಕಬೇಕು. ಅದನ್ನೆಲ್ಲ ನೆನಪಿಡುತ್ತಿದ್ದ ಹಳೆಯ ಮ್ಯಾನೇಜರು ಊರಿಗೆ ಹೋಗಿಬಿಟ್ಟಿದ್ದರು. ಇವರಿಗೋ ಗ್ಯಾಸು, ಹಾಲು, ಕೆಲಸದವರ ಜಗಳದ ನಡುವೆ ತಿಥಿ ನೆನಪಾಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಉಪವಾಸ ಎಂದು ನೆನಪಾಗುವ ಹೊತ್ತಿಗೆ ಗಿರಾಕಿಗಳು ಎದುರಿನ ಹೋಟೆಲಿಗೆ ಹೋಗಿಯಾಗಿರುತ್ತಿತ್ತು. ಇದನ್ನು ಕೇಳುತ್ತಾ ನನ್ನ ಸೊಸೆ ಕಾಫಿಯನ್ನು ಆರಲು ಬಿಟ್ಟಳು. ಅವಳ ಕಣ್ಣು ಹೊಳೆಯುವುದನ್ನು ನಾನು ಕಂಡೆ.

ಹಿಂದಿನ ಮಧ್ಯಾಹ್ನವೇ ವಿಷ್ಣುಮೂರ್ತಿಯವರ ಮೊಬೈಲಿಗೆ, ನಾಳೆ ಏಕಾದಶಿ, ಸಾಬುದಾಣೆ ನೆನೆಹಾಕಿ ಎಂದು ತಾನಾಗಿಯೇ ಎಸ್ಸೆಮ್ಮೆಸ್ ಹೋಗಬೇಕು. ಪ್ರೋಗ್ರಾಂ ಬೇಗನೇ ತಯಾರಾಯಿತು. ಅದಕ್ಕೆ ವರ್ಷದ ತಾರೀಕುಗಳು ಬೇಕಲ್ಲ. ನಮ್ಮ ಮನೆಯಲ್ಲಿ ತಿಥಿ ವಾರಗಳ ಯಜಮಾನಿಕೆ ನನ್ನದು. ಮಠದ ಪಂಚಾಂಗ ತೆಗೆದು ನಾನು ಓದಿದೆ, ಅವಳು ಟೈಪ್ ಮಾಡಿಕೊಂಡಳು. ಇಷ್ಟು ದಿನ ನನ್ನಿಂದ ಅವಳ ಕಂಪ್ಯೂಟರಿಗೆ ಒಂದು ಉಪಕಾರವೂ ಆಗಿರಲಿಲ್ಲ, ಅಂದು ಆಯಿತೆಂದು ನನಗೆ ಒಳಗೊಳಗೇ ಹೆಮ್ಮೆ.

ಮೊದಲ ಏಕಾದಶಿ ಸುಸೂತ್ರವಾಗಿ ಆಯಿತು. ಎಸ್ಸೆಮ್ಮೆಸ್ ಹೋಯಿತು, ಖಿಚಡಿ ಆಯಿತು, ಹನ್ನೊಂದು ಗಂಟೆಗೆ ಖಾಲಿಯೂ ಆಯಿತು. ವಿಷ್ಣುಮೂರ್ತಿಯವರು ಮರುದಿನ ಗೋಳಿಬಜೆ ಕಟ್ಟಿಸಿ ಕಳಿಸಿದರು. ಶ್ರೀವಿದ್ಯಾ ಸ್ಪಂದನಾಗೆ ಬರೆದಳು, ಮೇ ತಿಂಗಳ ಒಂದು ದಿನ ಗೊತ್ತಾಯಿತು. ಪಂಚಾಂಗ ನೋಡಿದರೆ ಅಂದು ಏಕಾದಶಿಯೇ. ಇದಕ್ಕಿಂತ ಒಳ್ಳೆಯ ದಿನ ಸಿಗುವುದಿಲ್ಲ, ಅವಳು ಫೋನ್ ಮಾಡುವಾಗ ಹೋಟೆಲಿನಲ್ಲಿ ಖಿಚಡಿ ಹಬೆಯಾಡುತ್ತಿರುತ್ತದೆ ಎಂದು ನಾನೇ ಹೇಳಿದೆ.

ಆ ದಿನಕ್ಕೆ ಒಂದು ದಿನ ಮೊದಲು, ಬೆಳಿಗ್ಗೆ, ವಿಷ್ಣುಮೂರ್ತಿಯವರ ಫೋನ್ ಬಂತು. ಗಿರಾಕಿಗಳೆಲ್ಲ ಖಿಚಡಿ ಕೇಳುತ್ತಿದ್ದಾರೆ, ಇಲ್ಲ ಎಂದರೆ ಬೈಯುತ್ತಿದ್ದಾರೆ. ಚಂದ್ರಬಾಯಿ ಎಂಬ ಹಳೆಯ ಗಿರಾಕಿಯಂತೂ, ವರ್ಷಗಟ್ಟಲೆ ಇಲ್ಲೇ ಉಪವಾಸ ಮಾಡಿದ್ದೇನೆ, ಶೇಠರಿಗೆ ಈಗ ಏಕಾದಶಿಯೂ ಬೇಡವಾಯಿತೇ ಎಂದು ಎಲ್ಲರ ಎದುರು ಕೇಳಿ ಹೋದರಂತೆ. ನಾನು ಪಂಚಾಂಗ ತೆಗೆದು ನೋಡಿದೆ. ಏಕಾದಶಿ ನಾಳೆಯೇ. ಪಕ್ಕದ ಮನೆಯ ಮರಾಠಿ ಕ್ಯಾಲೆಂಡರಿನಲ್ಲಿ ಮಾತ್ರ ಅಂದು ಸ್ಮಾರ್ತ ಏಕಾದಶಿ, ಮರುದಿನ ಭಾಗವತ ಏಕಾದಶಿ ಎಂದು ಎರಡು ದಿನ ಅಚ್ಚಾಗಿತ್ತು. ಏಕಾದಶಿಯ ನಸುಕಿಗೆ ಹಿಂದಿನ ತಿಥಿಯಾದ ದಶಮಿಯ ಸೋಂಕು ಇದ್ದರೆ ನಾವು ಮಾಧ್ವರು ಮರುದಿನ ಉಪವಾಸ ಮಾಡುತ್ತೇವೆ. ಈ ಊರಿನ ಗಿರಾಕಿಗಳಲ್ಲಿ ಹೆಚ್ಚಿನವರು ಮೊದಲ ದಿನವೇ ಮಾಡುತ್ತಾರೆ. ತಾರೀಕು ಕೊಟ್ಟವಳು ಮಾಧ್ವಳು, ಬರೆದವಳು ಮಾಧ್ವಳು, ಎಸ್ಸೆಮ್ಮೆಸ್ ಓದುವವರೂ ಮಾಧ್ವರು. ಮೂವರಲ್ಲಿ ಯಾರೂ ಬೇರೆ ಕ್ಯಾಲೆಂಡರ್ ತೆಗೆದು ನೋಡಿರಲಿಲ್ಲ. ಇನ್ನೂ ಚಂದವೆಂದರೆ ನಮ್ಮ ಏಕಾದಶಿಯ ದಿನ ನಾವು ನೀರನ್ನೇ ಮುಟ್ಟುವುದಿಲ್ಲ. ಏನೂ ತಿನ್ನದವರ ದಿನ ನೋಡಿ ನಾವು ಖಿಚಡಿಗೆ ಹೇಳಿಕಳಿಸುತ್ತಿದ್ದೆವು.

ಅಂದು ಸಂಜೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ತಾರೀಕು ಬರೆದುಕೊಳ್ಳುವಾಗಲೇ ನಾನು ಕೇಳಿದ್ದೆನಲ್ಲ ಎಂದು ಶ್ರೀವಿದ್ಯಾ ಮೆಲ್ಲಗೆ ಅಂದಳು. ನನಗೆ ರೇಗಿತು. ಪಂಚಾಂಗ ತಪ್ಪಲ್ಲ, ಏಕಾದಶಿ ನಾಳೆಯೇ, ಬೇಕಾದರೆ ಮಠಕ್ಕೆ ಫೋನ್ ಮಾಡಿ ಕೇಳು ಎಂದೆ. ಈಗಲೂ ಅದೇ ಹೇಳುತ್ತೇನೆ, ಏಕಾದಶಿ ಮರುದಿನವೇ ಇತ್ತು. ಆದರೆ ಅವಳು ಕೇಳಿದ್ದು ಅದನ್ನಲ್ಲ. ಅಭಿ ನಡುವೆ ಬಂದು ಇಬ್ಬರಿಂದಲೂ ಬೈಸಿಕೊಂಡು ಒಳಗೆ ಹೋದ.

ಬೆಳಿಗ್ಗೆ ಅವಳು ನನ್ನ ಹತ್ತಿರ ಮಾತಾಡದೆ, ಕಾಲಿಗೆ ನಮಸ್ಕಾರ ಮಾತ್ರ ಮಾಡಿ, ಶಿಳ್‌ಫಾಟಾ ದಾರಿಯ ಬಸ್ಸು ಹಿಡಿದು ಮಹಾಪೆಗೆ ಹೋದಳು. ಅವಳು ಹೋದ ಮೇಲೆ ಜಪಕ್ಕೆ ಕೂತರೆ ಮನಸ್ಸು ನಿಲ್ಲಲಿಲ್ಲ. ಆ ಸ್ಪಂದನಾ ಫೋನ್ ಮಾಡುತ್ತಾಳೆ, ವಿಷ್ಣುಮೂರ್ತಿ ಸಿಟ್ಟಿನಲ್ಲಿ ಏನಾದರೂ ಅಂದುಬಿಡುತ್ತಾರೆ, ಹುಡುಗಿ ಮತ್ತೆ ಕಿಟಕಿಯ ಹತ್ತಿರ ಬಂದು ನಿಲ್ಲುತ್ತಾಳೆ. ನಾನು ಕೊಡೆ ಹಿಡಿದು ಬಿಸಿಲಲ್ಲಿ ಸ್ಟೇಷನ್ನಿಗೆ ಹೊರಟೆ.

ಹೋಟೆಲಿನಲ್ಲಿ ದೊಡ್ಡ ಪಾತ್ರೆ ತುಂಬ ಖಿಚಡಿ ಇತ್ತು. ಗಲ್ಲಾದ ಮೇಲಿದ್ದ ಮೊಬೈಲಿಗೆ ಹಿಂದಿನ ದಿನ ಎಸ್ಸೆಮ್ಮೆಸ್ ಬಂದದ್ದು ನೋಡಿ ಕೆಲಸದವರು ಎಂದಿನಂತೆ ನೆನೆಹಾಕಿದ್ದರು, ಬೇಡವೆನ್ನಲು ವಿಷ್ಣುಮೂರ್ತಿಯವರಿಗೆ ನೆನಪಾಗಿರಲಿಲ್ಲ. ತಿನ್ನಲು ಬಂದವರು ಬೆರಳೆಣಿಕೆಯವರು. ಪಾತ್ರೆಯ ಒಂದು ಕಡೆ ಅವರು ಉಪವಾಸ, ಇನ್ನೊಂದು ಕಡೆ ನಾನು ಉಪವಾಸ. ಕಡಲೆಬೀಜ ಹುರಿದ ವಾಸನೆ ಮೂಗಿಗೆ ಬಡಿಯುತ್ತಿತ್ತು. ನಾನು ಸುತ್ತುಬಳಸದೆ, ಮಹಾಪೆಯಿಂದ ಫೋನ್ ಬಂದರೆ ಎಲ್ಲ ಸರಿಯಾಗಿದೆ ಎಂದುಬಿಡಿ ಎಂದೆ.

“ಏಕಾದಶಿ ದಿನ ನನ್ನ ಹತ್ರ ಸುಳ್ಳು ಹೇಳಿಸ್ಲಿಕ್ಕೆ ಬಂದದ್ದಾ, ಭಾಗೀರಥಮ್ಮ?” ಎಂದರು ಅವರು.

ನನಗೆ ನಾಚಿಕೆಯಾಯಿತು. ಎದ್ದು ಹೋಗೋಣವೆನ್ನುವಷ್ಟರಲ್ಲಿ ಫೋನ್ ಬಂದೇ ಬಂತು.

“ಹೌದು, ವಿಷ್ಣುಮೂರ್ತಿಯೇ ಮಾತಾಡುವುದು,” ಎಂದರು. “ನಿನ್ನೆ ಮರ್ಯಾದೆ ಹೋಯ್ತು ಮಾರಾಯ್ರೆ. ಗಿರಾಕಿ ಇದ್ರು, ಖಿಚಡಿ ಇಲ್ಲ. ಇವತ್ತು ಖಿಚಡಿ ಉಂಟು, ಗಿರಾಕಿ ಇಲ್ಲ.”

ನಾನು ಕೊಡೆ ಕೈಗೆತ್ತಿಕೊಂಡೆ. ಆ ಕಡೆಯಿಂದ ಏನೋ ಕೇಳಿದರು.

“ಬಿಡುವುದು ಎಂತಕ್ಕೆ? ಅದು ಬಂದ ಮೇಲೆ ನಾನು ಕ್ಯಾಲೆಂಡರ್ ನೋಡುವುದೇ ಬಿಟ್ಟಿದ್ದೇನೆ. ಬೇಗ ಸರಿ ಮಾಡಿ ಕೊಡ್ಲಿಕ್ಕೆ ಹೇಳಿ. ಹಾಗೇ ಸಂಕಷ್ಟಿಯನ್ನೂ ಸೇರಿಸ್ಲಿಕ್ಕೆ ಹೇಳಿ, ಆವತ್ತೂ ಮರೀತದೆ.” ಮತ್ತೆ ಸ್ವಲ್ಪ ಕೇಳಿಸಿಕೊಂಡು, ತಾರೀಕು ಕೊಟ್ಟದ್ದು ಯಾರು ಎಂದು ಕೇಳುತ್ತಿದ್ದಾರೆ ಎಂದು ಫೋನನ್ನು ನನ್ನ ಮುಂದೆ ಹಿಡಿದರು.

ಆ ಹೊತ್ತಿನಲ್ಲಿ ನನಗೆ ಪಂಚಾಂಗವೂ ನೆನಪಾಗಲಿಲ್ಲ, ಮಠವೂ ನೆನಪಾಗಲಿಲ್ಲ. ಬೆಳಿಗ್ಗೆ ಮಾತಾಡದೆ ಹೋದ ಹುಡುಗಿಯ ಮುಖವೊಂದೇ ಇತ್ತು.

“ನಾನು ಕೊಟ್ಟಿದ್ದು, ಅವಳ ಅತ್ತೆ,” ಎಂದೆ. “ಬರ್ಕೊಳೋವಾಗ ಅವಳು ಕೇಳಿದ್ಲು, ಎಲ್ಲರಿಗೂ ಇದೇ ದಿನಾನಾ ಅತ್ತೆ ಅಂತ. ಏಕಾದಶಿ ಅಂದ್ರೆ ಏಕಾದಶಿ, ಸುಮ್ನೆ ಬರ್ಕೋ ಅಂತ ನಾನೇ ಗದರಿಸಿದೆ. ತಪ್ಪು ನಂದು ಕಣಮ್ಮ. ದಯವಿಟ್ಟು ಅದನ್ನ ಅವಳ ಮೇಲೆ ಹಾಕ್ಬೇಡಿ.”

ನನ್ನ ಬಾಯಿಂದ ಇಂಥ ಮಾತು ನನ್ನ ಗಂಡನೂ ಕೇಳಿರಲಿಲ್ಲ.

“ಅಮ್ಮ, ಸ್ಪೀಕರ್ ಆನ್ ಇದೆ,” ಎಂದಳು ಸ್ಪಂದನಾ. “ನಿಮ್ಮ ಸೊಸೆ ಎದುರಿಗೇ ಕೂತಿದಾರೆ. ಅವರು ಬಂದ ತಕ್ಷಣ, ನಿಮ್ಮ ಹೆಸರೂ ಎತ್ತದೆ, ತಪ್ಪು ನಂದು ಅಂದ್ರು. ನಾನು ಕೇಳಿದ್ದು ಇಷ್ಟೇ, ಕೆಟ್ಟೋದ್ರೆ ಬೈದು, ಸರಿ ಮಾಡ್ಕೊಡಿ ಅನ್ನೋ ಒಬ್ರು ಗಿರಾಕಿ. ಸಿಕ್ಕಿದಾರೆ. ಸೋಮವಾರದಿಂದ ಇವರು ಕೆಲಸಕ್ಕೆ ಬರ್ಲಿ.”

ಆಮೇಲೆ ಶ್ರೀವಿದ್ಯಾಳ ದನಿ ಬಂತು, ಅತ್ತಿದ್ದಳೆಂದು ಗೊತ್ತಾಗುವಂಥ ದನಿ.

“ಅತ್ತೆ, ಈ ಬಿಸಿಲಲ್ಲಿ, ನೀರೂ ಕುಡೀದೆ ಅಷ್ಟು ದೂರ ಯಾಕೆ ನಡ್ಕೊಂಡು ಹೋದ್ರಿ? ಅಲ್ಲೇ ನೆರಳಲ್ಲಿ ಕೂತಿರಿ. ನಾನು ಬಂದು ಕರ್ಕೊಂಡು ಹೋಗ್ತೀನಿ.”

ಒಬ್ಬಳೇ ಬಂದವಳಿಗೆ ಒಬ್ಬಳೇ ಹೋಗಲು ಬರುತ್ತದೆ ಎಂದು ಗದರಿಸಬೇಕೆಂದಿದ್ದೆ. ಹೂಂ, ಬಾ ಎಂದಷ್ಟೇ ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಫ್ಯಾನಿನ ಕೆಳಗಿನ ಮೇಜಿನಲ್ಲಿ ನನ್ನ ಸೊಸೆಯನ್ನು ಕಾಯುತ್ತ ಕೂತೆ.