ಅಪ್ಪಾಜಿ ಬಿಟ್ಟ ಕಾಫಿ

ನಮ್ಮ ಜೈನರ ಮನೆಗಳಲ್ಲಿ ದೊಡ್ಡ ಆಸೆ ಇಟ್ಟುಕೊಂಡವರು, ಅದು ಕೈಗೂಡುವವರೆಗೆ ತಮಗೆ ಇಷ್ಟವಾದದ್ದೊಂದನ್ನು ಮುಟ್ಟುವುದಿಲ್ಲವೆಂದು ನಿಯಮ ಮಾಡುವುದುಂಟು. ನಮ್ಮಜ್ಜಿ ಬೆಲ್ಲ ಬಿಟ್ಟಿದ್ದಳು. ನಮ್ಮಪ್ಪಾಜಿ ವರ್ಧಮಾನ ಮೇಷ್ಟ್ರು ಗಣಿತಕ್ಕಾಗಿ ಕಾಫಿ ಬಿಟ್ಟರು. ಹಾಸನ ಜಿಲ್ಲೆಯಲ್ಲಿ ಹುಟ್ಟಿ ಕಾಫಿ ಬಿಡುವುದೆಂದರೆ ತಮಾಷೆಯೇ?

ದಂಡಿಗನಹಳ್ಳಿ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಲೇ ಅವರು ಅವಿಭಾಜ್ಯ ಸಂಖ್ಯೆಗಳ ಬಗ್ಗೆ ಒಂದು ಪ್ರಮೇಯ ಹಿಡಿದು, ಅದು ನಿಜವೆಂದು ಹೆಜ್ಜೆ ಹೆಜ್ಜೆಯಾಗಿ ತೋರಿಸುವ ಸಾಧನೆ ಬರೆದಿದ್ದರು. ಬಲ್ಲವರು ಅದನ್ನು ಸರಿ ಎಂದ ದಿನ ಕಾಫಿ. ದೊಡ್ಡ ದೊಡ್ಡ ಪ್ರೊಫೆಸರುಗಳಿಗೆಲ್ಲ ಕಳಿಸಿದರು. ಒಬ್ಬ ಪುಣ್ಯಾತ್ಮನೂ ಉತ್ತರ ಬರೆಯಲಿಲ್ಲ. ಆ ಪ್ರೊಫೆಸರುಗಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಈ ಬೇಸಿಗೆಯಲ್ಲಿ ಹಾಸನದ ಡಾಕ್ಟರು, ಅಪ್ಪಾಜಿಯನ್ನು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರು. ಚನ್ನರಾಯಪಟ್ಟಣದ ಮನೆಗೆ ಕರೆತಂದೆ. ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಸಾಧನೆಯ ಪ್ರತಿ ಹೆಜ್ಜೆಯನ್ನೂ ತಾಳೆ ನೋಡುವ ಪ್ರೋಗ್ರಾಂ ಇದೆ, ಅದು ಒಪ್ಪಿದರೆ ಯಾರೂ ತಪ್ಪೆನ್ನುವ ಹಾಗಿಲ್ಲ ಎಂದು ಹೇಳಿ, ಅವರ ಮಂಚದ ಪಕ್ಕದಲ್ಲೇ ಕೂತು ಒಂದೊಂದೇ ಸಾಲನ್ನು ಅದರ ಭಾಷೆಗೆ ಇಳಿಸತೊಡಗಿದೆ. ಅಪ್ಪಾಜಿಯ ಮುಖ ಗೆಲುವಾಯಿತು.

ಕೊನೆಯ ಪುಟದಲ್ಲಿ ಅವರು ಒಂದು ಕಡೆ 'ಇದು ಸ್ಪಷ್ಟ' ಎಂದು ಬರೆದು ಮುಂದೆ ಹೋಗಿದ್ದರು. ಮೇಷ್ಟ್ರು ಬೋರ್ಡಿನ ಮೇಲೆ ಹಾಗೆ ಬರೆದರೆ ಯಾವ ಮಕ್ಕಳು ಪ್ರಶ್ನೆ ಕೇಳುತ್ತಾರೆ? ಕಂಪ್ಯೂಟರ್ ಮಾತ್ರ ಅಲ್ಲಿ ಕೆಂಪು ಗೆರೆ ಎಳೆದು ಕೂತಿತು. ಬೇರೆ ಬೇರೆ ಸಂಖ್ಯೆ ಹಾಕಿ ನೋಡಿದೆ. ಆ ಮಾತು ಎಲ್ಲ ಸಂಖ್ಯೆಗೂ ನಿಲ್ಲುತ್ತಿರಲಿಲ್ಲ. ಸಾಧನೆ ಅಲ್ಲಿಗೇ ಮುರಿದಿತ್ತು.

ಈ ಹೆಜ್ಜೆಯನ್ನು ಸದ್ಯಕ್ಕೆ ನಂಬಿ ಮುಂದೆ ಹೋಗು ಎಂದು ಬರೆಯಲು ಆ ಪ್ರೋಗ್ರಾಮಿನಲ್ಲಿ ಒಂದು ಅನುಕೂಲವಿದೆ. ಬರೆದರೆ ಕೆಂಪು ಹೋಗಿ ಸಣ್ಣ ಹಳದಿ ಗೆರೆ ಉಳಿಯುತ್ತದೆ, ಅಷ್ಟೇ. ಹಾಗೇ ಬರೆದೆ. ಒಪ್ಪಿತು ಅಪ್ಪಾಜಿ ಎಂದು ಹೇಳಿ, ಫಿಲ್ಟರ್ ಕಾಫಿ ಮಾಡಿ ತಂದು ಕೈಗೆ ಕೊಟ್ಟೆ.

ಅವರು ಲೋಟವನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಕುಡಿಯುವ ಮೊದಲು ಒಂದು ಸಲ ತೋರಿಸು ಎಂದರು. ತೋರಿಸಿದೆ.

"ಆ ಅಳದಿ ಯಾಕವ್ವ ಬಂದೈತೆ?"

ಇನ್ನೊಂದು ಸುಳ್ಳು ಹೇಳಲಾಗಲಿಲ್ಲ. ಅಳುತ್ತಲೇ ಎಲ್ಲ ಹೇಳಿದೆ. ಅಪ್ಪಾಜಿ ಆ ಸಾಲನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಲೋಟವನ್ನು ವಾಪಸ್ ನನ್ನ ಕೈಗಿಟ್ಟರು.

"ಇದೊಂದಾದ್ರೂ ಪೂರ್ತಿ ಓದ್ತು ಕಣವ್ವ. ಆ ಕೆಂಪು ಗೆರೆ ಮೊದ್ಲಿದ್ದಂಗೇ ಇರ್ಲಿ ಬುಡು."

ಆ ವಾರವೇ ಅಪ್ಪಾಜಿ ಹೋದರು. ಕಾಫಿಯ ರುಚಿ ನೋಡದೇ ಹೋದರು. ಕೆಂಪು ಗೆರೆಯನ್ನು ಮತ್ತೆ ಇದ್ದ ಹಾಗೇ ಮಾಡಿದ್ದೇನೆ. ಕಾಲೇಜಿನಿಂದ ಬಂದು, ಆ ಹೆಜ್ಜೆಗೆ ಬೇರೆ ದಾರಿ ಹುಡುಕುತ್ತ ದಿನಾ ಅದರ ಮುಂದೆ ಕೂರುತ್ತೇನೆ. ಈಗ ನಾನು ಕಾಫಿ ಕುಡಿಯುವುದಿಲ್ಲ.