ಅಂಟದ ರೋಗ

ಹಡಗಿನ ಅಡುಗೆಯವನ ಕಾಲು ಬಾತು ಕಂಬವಾಗಿತ್ತು. ಬಂದರಿನ ಡಾಕ್ಟರು ಅವನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಹೃದಯ ಸೋತಿತ್ತು, ಆಸ್ಪತ್ರೆ ಸೇರದಿದ್ದರೆ ಮುಂದಿನ ಬಂದರು ಕಾಣುವುದು ಅನುಮಾನ. ಆದರೆ ಕಾನೂನು ಅವರಿಗೆ ಕೊಟ್ಟ ಅಧಿಕಾರ ಅಂಟುರೋಗದವರನ್ನು ಇಳಿಸುವುದಕ್ಕೆ ಮಾತ್ರ. ಉಳಿದವರು ಇಳಿಯಲು ಕಪ್ತಾನ ಒಪ್ಪಬೇಕು.

"ಅಂಟುತ್ತಾ ಡಾಕ್ಟ್ರೇ?" ಎಂದ ಕಪ್ತಾನ.

"ಇಲ್ಲ. ಆದ್ರೆ ಇಳಿಸದಿದ್ರೆ ಉಳಿಯಲ್ಲ ಕಣ್ರೀ, ಕೈ ಮುಗೀತೀನಿ."

"ಅಂಟಲ್ಲ ಅಂದ್ಮೇಲೆ ನಿಮ್ಮ ಕೆಲ್ಸ ಮುಗೀತಲ್ಲ. ನಂಗೆ ಅಡುಗೆ ಮಾಡೋರ್ಯಾರು?"

ಅಂಟುತ್ತದೆಂದು ಸುಳ್ಳು ಹೇಳಿದ್ದರೆ ಹಡಗನ್ನೇ ತಡೆದು ಎಲ್ಲರನ್ನೂ ಕೂಡಿಹಾಕಬೇಕಿತ್ತು. ಡಾಕ್ಟರು ಸ್ಟೆತಾಸ್ಕೋಪ್ ಮಡಚಿ ಚೀಲಕ್ಕಿಟ್ಟರು.

"ಬಿಡಿ ಸಾರ್," ಅಡುಗೆಯವನು ನಕ್ಕ. "ನಾಲ್ಕು ಜನಕ್ಕೆ ಬಡಿಸೋವಂಥ ರೋಗ ತರ್ಬೇಕಿತ್ತು. ಅಡುಗೆಯವನಾಗಿ ಒಬ್ನೇ ತಿಂದ್ಬಿಟ್ಟೆ."

ದೋಣಿಗಿಳಿದ ಡಾಕ್ಟರು ರೂಢಿಯಂತೆ ಕೈಗೆ ಸ್ಪಿರಿಟ್ ಹಚ್ಚಿಕೊಂಡರು. ಹಿಂದೆ ಹಡಗು ಲಂಗರು ಎತ್ತುತ್ತಿತ್ತು.