ಬೇಬಿ ಹಿಡಿದ ಗೇರು

ಮೋನಪ್ಪನ ಜೀಪು ಮರಳು ಹತ್ತಬೇಕಾದರೆ ಡೀಸೆಲ್ ಬೇಕು, ಬ್ಯಾಟರಿ ಬೇಕು, ಬೇಬಿ ಬೇಕು. ಡೀಸೆಲನ್ನೂ ಬ್ಯಾಟರಿಯನ್ನೂ ಯಾರ ಹತ್ತಿರವಾದರೂ ಕೇಳಿ ತರಬಹುದಿತ್ತು. ಬೇಬಿ ಮಾತ್ರ ಒಬ್ಬಳೇ. ಅವಳು ಮೋನಪ್ಪನ ಹೆಂಡತಿ, ಮತ್ತು ಆ ಜೀಪಿನ ಒಂದು ಬಿಡಿಭಾಗವಾಗಿ ಹೋಗಿ ವರ್ಷದ ಮೇಲಾಗಿತ್ತು.

ತಮಿಳು ಸೀಮೆಯಲ್ಲಿ ಎಣ್ಣೂರಿನ ಆಚೆ ಸಮುದ್ರದ ದಂಡೆಯಲ್ಲಿ ಬಂದರು ಕಟ್ಟುತ್ತಿದ್ದ ಕಾಲ ಅದು, ತೊಂಬತ್ತೊಂಬತ್ತನೇ ಇಸವಿ. ಅಲ್ಲಿ ಕಲ್ಲು ಇಳಿಸುವ, ಕಾಂಕ್ರೀಟು ಹಾಕುವ ಒಂದು ಸೈಟಿನ ಜನಕ್ಕೆ ಮಧ್ಯಾಹ್ನದ ಊಟ ಕೊಡುವ ಗುತ್ತಿಗೆ ಮೋನಪ್ಪನದು. ಅದಕ್ಕೂ ಮೊದಲು ಅವನು ಎಗ್ಮೋರಿನ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದ. ಬೆಳ್ತಂಗಡಿಯಿಂದ ಬಂದು, ಕಂಡವರ ತಟ್ಟೆ ಎತ್ತಿ, ಕಂಡವರ ಬೈಗುಳ ತಿಂದು, ಹೋಟೆಲಿನ ಮಾಳಿಗೆಯ ಕೋಣೆಯಲ್ಲಿ ಸಂಸಾರ ಮಾಡಿದವನು. ಅಲ್ಲಿ ಬೇಬಿಗೆ ತನ್ನದೆನ್ನುವ ಒಲೆ ಕೂಡ ಇರಲಿಲ್ಲ. ಹೋಟೆಲಿನವರಿಗೆ ಬೇಡವಾದ ಹೊತ್ತಿನಲ್ಲಿ ಮಾತ್ರ ಅವಳಿಗೆ ಬೆಂಕಿ ಸಿಗುತ್ತಿತ್ತು. ಈಗ ಸೈಟಿನ ಹತ್ತಿರದ ಅತ್ತಿಪಟ್ಟಿನಲ್ಲಿ, ತಗಡಿನ ಶೆಡ್ಡಾದರೇನು, ಅಡುಗೆಮನೆ ಅವಳದು. ಪಾತ್ರೆಗಳ ಮೇಲೆ ಹೆಸರು ಕೆತ್ತಿಸುವಾಗ ತನ್ನದೊಂದೇ ಸಾಕೆಂದು ಮೋನಪ್ಪ ಹೇಳಿದ್ದ. ಅವಳು ಕೆತ್ತುವವನ ಎದುರೇ ಕೂತು ತನ್ನದನ್ನೂ ಹಾಕಿಸಿಕೊಂಡೇ ಎದ್ದಳು. ಅದನ್ನೆಲ್ಲ ಬಿಟ್ಟು ಮತ್ತೆ ಎಗ್ಮೋರಿನ ಮಾಳಿಗೆ ಹತ್ತುವ ಮಾತು ಯಾರಾದರೂ ಎತ್ತಿದರೆ ಅವಳು ಕೈಯಲ್ಲಿದ್ದ ಪಾತ್ರೆಯನ್ನು ಕುಕ್ಕಿ ಎದ್ದು ಹೋಗುತ್ತಿದ್ದಳು.

ಈಗ ಆ ಮಾತು ಎದ್ದಿತ್ತು. ಎಬ್ಬಿಸಿದ್ದು ಜೀಪು.

ಸೈಟಿಗೆ ಟಿಪ್ಪರುಗಳು ಓಡಾಡುವ ದಾರಿಯೊಂದಿತ್ತು, ಆದರೆ ಊಟದ ಗಾಡಿಯನ್ನು ಅದರಲ್ಲಿ ಬಿಡುತ್ತಿರಲಿಲ್ಲ. ಉಳಿದದ್ದು ಮರಳಿನ ದಾರಿ. ಟಾರು ಮುಗಿದಲ್ಲಿಂದ ಒಂದು ಎತ್ತರದ ದಿಬ್ಬ ಹತ್ತಿ ಆಚೆ ಇಳಿಯಬೇಕು. ಅದಕ್ಕೆಂದೇ ಮೋನಪ್ಪ ಮಿಲಿಟರಿಯವರು ಹರಾಜು ಹಾಕಿದ ಹಳೇ ಜೀಪನ್ನು ಕೊಂಡದ್ದು. ಅದರ ಗೇರ್ ಬಾಕ್ಸಿನ ಬೆನ್ನಿಗೆ ಇನ್ನೊಂದು ಪೆಟ್ಟಿಗೆ, ಟ್ರಾನ್ಸ್‌ಫರ್ ಕೇಸ್ ಅಂತ. ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗಷ್ಟೇ ಅಲ್ಲದೆ ಮುಂದಿನವಕ್ಕೂ ಹಂಚುವುದು ಅದರ ಕೆಲಸ. ಅದಕ್ಕೆ ಬೇರೆಯೇ ಲಿವರು. ಲೋ ಗೇರಿಗೆ ಹಾಕಿದರೆ ಜೀಪು ಎಮ್ಮೆಯಂತೆ ನಿಧಾನವಾಗಿ, ಎಮ್ಮೆಯಂತೆಯೇ ಹಟ ಹಿಡಿದು ಮೇಲೆ ಹೋಗಬೇಕು. ಆದರೆ ಆ ಪೆಟ್ಟಿಗೆ ಒಳಗೊಳಗೇ ಸವೆದುಹೋಗಿ, ಸರಿಯಾಗಿ ದಿಬ್ಬದ ನಡುವೆ ಬಂದಾಗ ಗೇರು ತಾನಾಗಿ ಹಾರಿ ನ್ಯೂಟ್ರಲಿಗೆ ಬೀಳುತ್ತಿತ್ತು. ಇಂಜಿನ್ ಸುಮ್ಮನೆ ಕಿರುಚುತ್ತದೆ, ಚಕ್ರ ತಿರುಗುವುದಿಲ್ಲ, ಅನ್ನ ಸಾಂಬಾರುಗಳ ಸಮೇತ ಜೀಪು ಹಿಂದಕ್ಕೆ ಜಾರುತ್ತದೆ.

ಇದಕ್ಕೆ ಮದ್ದಾಗಿ ಬೇಬಿ ಬಂದಳು. ಟಾರು ಮುಗಿದ ಕೂಡಲೇ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಾಲನ್ನು ಎದುರಿನ ತಗಡಿಗೆ ಒದ್ದು ನಿಲ್ಲಿಸಿ, ಎರಡೂ ಕೈಯಲ್ಲಿ ಲಿವರನ್ನು ಅವುಚಿ ಹಿಡಿಯುತ್ತಿದ್ದಳು. ಮೋನಪ್ಪ ದಾರಿಗಿಂತ ಹೆಚ್ಚು ಅವಳ ಮುಖವನ್ನೇ ನೋಡಿಕೊಂಡು ಓಡಿಸುತ್ತಿದ್ದ; ಅವಳು ಹಲ್ಲು ಕಚ್ಚಿದರೆ ಆಕ್ಸಿಲರೇಟರ್ ಕಡಿಮೆ, ಉಸಿರು ಬಿಟ್ಟರೆ ಜಾಸ್ತಿ. ಈ ಜೀಪಿಗೆ ಇನ್ಶೂರೆನ್ಸ್ ಮಾಡಿಸುವಾಗ ಹೆಂಡತಿಯನ್ನೂ ಸೇರಿಸಿ ಬರೆಸಬೇಕೆಂದು ಸೈಟಿನವರು ನಗುತ್ತಿದ್ದರು. ಬೇಬಿಯೂ ನಗುತ್ತಿದ್ದಳು. ಆಮೇಲೆ ಬೊಬ್ಬೆ ಎದ್ದ ಅಂಗೈಯಲ್ಲಿ ಸೌಟು ಹಿಡಿದು ಅದೇ ಜನಕ್ಕೆ ಬಡಿಸುವಾಗ ಅವಳಿಗೆ ಆ ಲಿವರನ್ನು ಬುಡಸಮೇತ ಕಿತ್ತು ಸಮುದ್ರಕ್ಕೆ ಎಸೆಯಬೇಕು ಅನ್ನಿಸುತ್ತಿತ್ತು.

ಆ ಶನಿವಾರ ಬೆವರಿಗೆ ಕೈ ಜಾರಿತು. ಗೇರು ಹಾರಿತು, ಜೀಪು ಜಾರಿ ಅಡ್ಡ ತಿರುಗಿತು, ಸಾಂಬಾರಿನ ಡ್ರಮ್ಮು ಮರಳಿನ ಪಾಲಾಯಿತು. ಮತ್ತೆ ಸಾಂಬಾರು ಮಾಡಿ ಒಯ್ಯುವಾಗ ಜನ ಬ್ರೆಡ್ಡು ತಿಂದು ಕೆಲಸಕ್ಕೆ ಇಳಿದಿದ್ದರು. ಸೈಟಿನ ಮ್ಯಾನೇಜರ್ ರಾಮದಾಸ ಬೆಂಗಳೂರಿನವನು, ಕೂಗಾಡುವ ಜಾತಿಯಲ್ಲ. ಕೂಗಾಡಿದ್ದರೆ ವಾಸಿಯಿತ್ತು. ಸೋಮವಾರ ಕಾಸಿಮೇಡಿನ ಬೇರೆ ಅಡುಗೆಯವರಿಗೂ ಊಟ ತರಲು ಹೇಳಿದ್ದೇನೆ, ಯಾರ ಅನ್ನ ಹೊತ್ತಿಗೆ ಸರಿಯಾಗಿ ಬರುತ್ತದೋ ಗುತ್ತಿಗೆ ಅವರಿಗೇ ಎಂದು ಮೆತ್ತಗೆ ಹೇಳಿ ಹೊರಟುಹೋದ. ಮನೆಗೆ ಬಂದ ಮೋನಪ್ಪ, ಎಗ್ಮೋರಿನ ಹೋಟೆಲಿನವರು ತನ್ನನ್ನು ಈಗಲೂ ಬೇಡವೆನ್ನಲಾರರು ಎಂದ. ಬೇಬಿ ಜೀಪಿನ ಕೀಲಿಕೈ ಎತ್ತಿ ಅವನ ಮುಂದಿಟ್ಟಳು. ಭಾನುವಾರ ಸೈಟಿಗೆ ರಜೆ. ಬೆಳಗ್ಗೆಯೇ ಜೀಪನ್ನು ಪುದುಪೇಟೆಗೆ ಬಿಡಿ ಎಂದಳು.

ಪುದುಪೇಟೆಯಲ್ಲಿ ಹಳೇ ಗಾಡಿಗಳನ್ನು ಬಿಚ್ಚಿ ಮಾರುವ ಬೀದಿಯ ತುದಿಗೆ ಅಂದಾನಿಯ ಶೆಡ್ಡು. ಮಂಡ್ಯದ ಕಡೆಯವನು, ಜೀಪು ಬಿಟ್ಟು ಬೇರೆ ಗಾಡಿ ಮುಟ್ಟುವುದಿಲ್ಲ, ತನ್ನನ್ನು ಬಿಟ್ಟು ಬೇರೆಯವರನ್ನು ಹೊಗಳುವುದಿಲ್ಲ. ಈ ಜೀಪಿನ ಲಿವರಿಗೆ ಅವನು ಈಗಾಗಲೇ ಎರಡು ಸಲ, ಅದನ್ನು ಗೇರಿನಲ್ಲೇ ಒತ್ತಿ ಹಿಡಿಯುವ ಹೊಸ ಸ್ಪ್ರಿಂಗು, ಹೊಸ ಉಕ್ಕಿನ ಗುಂಡು ಹಾಕಿ, ಕಂಪನಿ ಕೆಲಸ ಎಂದು ಬೆನ್ನು ತಟ್ಟಿಕೊಂಡು ಕಳಿಸಿದ್ದ. ಮೂರನೇ ಸಲಕ್ಕೂ ಸ್ಪ್ರಿಂಗಿನ ಡಬ್ಬಿಗೇ ಕೈ ಹಾಕಿದ. ಮೋನಪ್ಪನೂ ತಲೆಯಾಡಿಸಿದ; ಬೇಗ ಮುಗಿಯುವ ಕೆಲಸವೆಂದರೆ ಅವನಿಗೆ ಇಷ್ಟ.

"ಗೇರ್ ಹಾರ್ತಾ ಐತೆ ಅಂದ್ರೆ ಸ್ಪ್ರಿಂಗೇ ಕಣಕ್ಕಾ. ಈ ಬೀದೀಲಿ ಯಾರ್ನಾದ್ರೂ ಕೇಳಿ," ಎಂದ ಅಂದಾನಿ.

"ಸ್ಪ್ರಿಂಗ್ ಆದ್ರೆ ಒಮ್ಮೆಲೇ ಹಾರ್ಬೇಕಲ್ಲ ಮಾರಾಯ," ಎಂದಳು ಬೇಬಿ. "ಇದು ಹಾಗಲ್ಲ. ಮೊದಲು ಚಳಿ ಹಿಡಿದ ಹಾಗೆ ನಡುಗ್ತದೆ, ಮತ್ತೆ ಒಂದೇ ಬದಿಗೆ ತಳ್ತದೆ. ಅದೂ ಹತ್ತುವಾಗ ಮಾತ್ರ. ಬೀಸುವ ಕಲ್ಲಿನ ಗೂಟ ಸಡಿಲ ಆದ್ರೆ ಕಲ್ಲು ಒಂದು ಬದಿಗೆ ಎಳೀತದಲ್ಲ, ಅದೇ ಲೆಕ್ಕ. ಒಳಗೆ ಎಂತದೋ ಗೂಟ ಅಲ್ಲಾಡ್ತಾ ಉಂಟು."

ಅಂದಾನಿ ನಕ್ಕ. ಜೀಪಿನೊಳಗೆ ಬೀಸುವ ಕಲ್ಲು ಇಟ್ಟವರನ್ನು ತಾನು ಕಂಡಿಲ್ಲ ಎಂದ. ಬೇಬಿ ಹೋಗಿ ಸ್ಪ್ರಿಂಗಿನ ಡಬ್ಬಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಳು. ಪೆಟ್ಟಿಗೆ ಬಿಚ್ಚುವ ತನಕ ಡಬ್ಬಿ ಕೊಡುವುದಿಲ್ಲ ಎಂದಳು. ಅವಳ ಮುಖ ನೋಡಿದ ಅಂದಾನಿ ಇನ್ನು ವಾದ ಮಾಡುವುದಕ್ಕಿಂತ ಬೋಲ್ಟು ಬಿಚ್ಚುವುದೇ ಸುಲಭ ಎಂದುಕೊಂಡು ಜೀಪಿನ ಕೆಳಗೆ ನುಗ್ಗಿದ.

ಪೆಟ್ಟಿಗೆ ಇಳಿಸಿ, ಕರಿ ಎಣ್ಣೆ ಬಸಿದು, ಒಳಗೆ ನೋಡಿದರೆ ನಡುವಿನ ದೊಡ್ಡ ಗೇರು ಒಂದು ಉಕ್ಕಿನ ಶಾಫ್ಟಿನ ಮೇಲೆ ಕೂತಿತ್ತು. ಪೆಟ್ಟಿಗೆಯ ಗೋಡೆಯಲ್ಲಿ ಆ ಶಾಫ್ಟು ಕೂರುವ ತೂತು ಗುಂಡಗಿರಬೇಕಾದದ್ದು ಮೊಟ್ಟೆಯ ಆಕಾರಕ್ಕೆ ಸವೆದಿತ್ತು. ಏರಿನಲ್ಲಿ ಭಾರ ಬಿದ್ದಾಗಲೆಲ್ಲ ಶಾಫ್ಟು ವಾಲುತ್ತದೆ, ಗೇರು ಓರೆಯಾಗುತ್ತದೆ, ಹಲ್ಲಿನಿಂದ ಹಲ್ಲು ಜಾರಿ ಲಿವರನ್ನು ಆಚೆ ದೂಡುತ್ತದೆ. ಅಂದಾನಿ ತೂತಿನಲ್ಲಿ ಬೆರಳಾಡಿಸಿ ನೋಡಿದ. ಆಮೇಲೆ, ತಾನೂ ಇದನ್ನೇ ಹೇಳಬೇಕೆಂದಿದ್ದೆ ಎಂದು ಎರಡು ಸಲ ಹೇಳಿದ. ಬೇಬಿ ಡಬ್ಬಿ ವಾಪಸು ಕೊಟ್ಟಳು. ವರ್ಷವಿಡೀ ಅಂಗೈ ಹರಿದುಕೊಂಡದ್ದು ಒಂದು ತೂತಿನ ಕಾರಣಕ್ಕೆ ಎಂದು ನೆನೆದು ಅವಳಿಗೆ ಅಳು ಬಂದಿತ್ತು, ಸಿಟ್ಟೂ ಬಂದಿತ್ತು. ಎರಡನ್ನೂ ನುಂಗಿಕೊಂಡು ಮುಂದೇನು ಎಂದು ಕೇಳಿದಳು.

ಮುಂದೆ ಪೆಟ್ಟಿಗೆಯನ್ನೇ ಬದಲಾಯಿಸಬೇಕು. ಅಳತೆಗೆಂದು ಅಂದಾನಿಯ ಬಳಿಯಿದ್ದ ಹೊಸ ಶಾಫ್ಟು ಕೈಯಲ್ಲಿ ಹಿಡಿದು ಮೂವರೂ ಬೀದಿಗಿಳಿದರು. ಅರ್ಧ ಅಂಗಡಿಗಳು ಭಾನುವಾರವೆಂದು ಬಾಗಿಲು ಹಾಕಿದ್ದವು. ತೆರೆದಿದ್ದವುಗಳಲ್ಲಿ ಬೇಬಿ ಒಂದೊಂದೇ ಹಳೇ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಶಾಫ್ಟನ್ನು ತೂತಿಗೆ ತೂರಿಸಿ ಅಲ್ಲಾಡಿಸುವಳು, ಬದಿಗೆ ಸರಿಸುವಳು. ಒಬ್ಬ ವ್ಯಾಪಾರಿ, ಅಮ್ಮ ಜೀಪಿನ ಸಾಮಾನು ಕೊಳ್ಳುತ್ತಿದ್ದಾರೋ ಬದನೆಕಾಯಿ ಆರಿಸುತ್ತಿದ್ದಾರೋ ಎಂದು ತಮಿಳಿನಲ್ಲಿ ಕೇಳಿದ. ಬದನೆಕಾಯಿಯಾದರೆ ಹುಳ ಹೊರಗೇ ಕಾಣುತ್ತದೆ ಎಂದು ಅವಳೂ ತಮಿಳಿನಲ್ಲೇ ಹೇಳಿ ಮುಂದಿನದಕ್ಕೆ ಕೈ ಹಾಕಿದಳು. ಎಲ್ಲವೂ ಅಲ್ಲಾಡುವವೇ. ಮೋನಪ್ಪ ಹಸಿವೆಯೆಂದು ಗೊಣಗತೊಡಗಿದ. ಕೊನೆಗೆ ಒಂದು ಅಂಗಡಿಯ ಹಿಂದೆ ಟಯರುಗಳ ಅಡಿಯಲ್ಲಿದ್ದ ಪೆಟ್ಟಿಗೆಯಲ್ಲಿ ಶಾಫ್ಟು ಕೈಯಿಂದ ದೂಡಿದರೆ ಹೋಗಲೇ ಇಲ್ಲ. ಅಂದಾನಿ ಮರದ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿದಾಗ ಬಿಗಿಯಾಗಿ ಒಳಗೆ ಕೂತು, ಬೇಬಿ ಎಷ್ಟು ಜಗ್ಗಿದರೂ ಅಲ್ಲಾಡಲಿಲ್ಲ. ಅವಳು ಅದನ್ನು ಮಗುವನ್ನೆತ್ತುವಂತೆ ತಾನೇ ಎತ್ತಲು ಹೋಗಿ ಭಾರಕ್ಕೆ ಅಲ್ಲೇ ಕುಸಿದು ಕೂತಳು.

ಜೋಡಿಸುವ ಹೊತ್ತಿಗೆ ಹೊಸ ತಲೆನೋವು ಶುರುವಾಯಿತು. ನಡುವಿನ ಗೇರಿನ ಹೊಟ್ಟೆಯೊಳಗೆ ಸುತ್ತಲೂ ಸೂಜಿಯಂಥ ಸಣ್ಣ ಸಣ್ಣ ಉಕ್ಕಿನ ಕಡ್ಡಿಗಳನ್ನು ಗ್ರೀಸಿನಲ್ಲಿ ಅಂಟಿಸಿ ನಿಲ್ಲಿಸಬೇಕು, ಆಮೇಲೆ ಗೇರನ್ನು ಪೆಟ್ಟಿಗೆಯೊಳಗೆ ಹಿಡಿದು ಶಾಫ್ಟು ತೂರಿಸಬೇಕು. ಶಾಫ್ಟಿನ ತುದಿ ತಾಗಿದರೆ ಸಾಕು, ಕಡ್ಡಿಗಳು ಉದುರುತ್ತಿದ್ದವು. ಮತ್ತೆ ಹೊರಗೆ ತೆಗೆ, ಮತ್ತೆ ಅಂಟಿಸು. ಇದಕ್ಕೆಂದೇ ಇಟ್ಟುಕೊಂಡಿದ್ದ ಕಬ್ಬಿಣದ ತುಂಡನ್ನು ಯಾರೋ ಎತ್ತಿಕೊಂಡು ಹೋಗಿದ್ದಾರೆ ಎಂದು ಅಂದಾನಿ ಬೀದಿಗೆಲ್ಲ ಕೇಳುವಂತೆ ಬೈದ. ಗೇರಿನ ಉದ್ದಕ್ಕೆ ಸರಿಯಾದ ಒಂದು ದುಂಡನೆಯ ತುಂಡು ಮೊದಲೇ ಒಳಗಿದ್ದರೆ ಕಡ್ಡಿಗಳು ಬೀಳುವುದಿಲ್ಲ, ಶಾಫ್ಟು ಒಂದು ಕಡೆಯಿಂದ ಬಂದಂತೆ ಅದು ಇನ್ನೊಂದು ಕಡೆಯಿಂದ ಹೊರಗೆ ಹೋಗುತ್ತದೆ ಎಂದು ವಿವರಿಸಿ, ಭಾನುವಾರ ಅಂಥದ್ದನ್ನು ಕಡೆದುಕೊಡುವವರು ಯಾರೂ ಇಲ್ಲ, ನಾಳೆ ಬನ್ನಿ ಎಂದ.

ನಾಳೆ ಎಂಬ ಮಾತು ಕೇಳಿ ಮೋನಪ್ಪ ತಲೆಗೆ ಕೈ ಹೊತ್ತು ಕೂತ. ಬೇಬಿ ಎದ್ದು ಬೀದಿ ದಾಟಿ ಎದುರಿನ ಪೂರಿ ಅಂಗಡಿಗೆ ನುಗ್ಗಿದಳು. ಹೊರಗೆ ಬರುವಾಗ ಅವಳ ಕೈಯಲ್ಲಿ ಒಂದು ಲಟ್ಟಣಿಗೆ ಇತ್ತು.

ಅಂದಾನಿ ಅದನ್ನು ಗೇರಿನ ತೂತಿಗೆ ಹಿಡಿದು ನೋಡಿದ. ಸ್ವಲ್ಪ ದಪ್ಪ. ಅರದಲ್ಲಿ ಉಜ್ಜಿ, ಉದ್ದ ಅಳೆದು ಗರಗಸದಲ್ಲಿ ಕೊಯ್ದ. ಬೇಬಿ ಕಡ್ಡಿಗಳನ್ನು ಒಂದೊಂದಾಗಿ ಗ್ರೀಸಿನಲ್ಲಿ ಕೂರಿಸಿ ಲಟ್ಟಣಿಗೆಯ ತುಂಡನ್ನು ನಡುವೆ ತೂರಿದಳು. ಗೇರು ಪೆಟ್ಟಿಗೆಯೊಳಗೆ ಇಳಿಯಿತು, ಬದಿಯ ವಾಷರುಗಳು ಕೂತವು, ಶಾಫ್ಟು ಮೆಲ್ಲಗೆ ಒಳಗೆ ಬಂತು, ಲಟ್ಟಣಿಗೆ ಅಷ್ಟಷ್ಟೇ ಹೊರಗೆ ಬಂತು. ಒಂದು ಕಡ್ಡಿಯೂ ಬೀಳಲಿಲ್ಲ. ತುಂಡು ಲಟ್ಟಣಿಗೆಯನ್ನು ವಾಪಸು ಪಡೆದ ಪೂರಿ ಅಂಗಡಿಯವನು ಅದನ್ನು ತಿರುಗಾ ಮುರುಗಾ ಮಾಡಿ ನೋಡಿದ. ನಮ್ಮ ಅಡುಗೆಮನೆಯಿಂದ ಹೊಸತೇ ಕಳಿಸುತ್ತೇನೆ ಎಂದು ಬೇಬಿ ಮಾತು ಕೊಟ್ಟಳು. ನಮ್ಮ ಅಡುಗೆಮನೆ ಎನ್ನುವಾಗ ಅವಳು ಒಮ್ಮೆ ಜೀಪಿನ ಕಡೆ ತಿರುಗಿ ನೋಡಿದಳು, ಏಕೆಂದರೆ ಪುದುಪೇಟೆಯ ಟಾರಿನಲ್ಲಿ ಎಲ್ಲ ಜೀಪೂ ಚೆನ್ನಾಗಿಯೇ ಓಡುತ್ತದೆ. ದಿಬ್ಬದ ಮಾತು ದಿಬ್ಬದಲ್ಲೇ ತಿಳಿಯಬೇಕು.

ಸೋಮವಾರ ಟಾರು ಮುಗಿದಲ್ಲಿಗೆ ಬಂದಾಗ ಕಾಸಿಮೇಡಿನವರ ಟೆಂಪೊ ದಿಬ್ಬದ ಬುಡದಲ್ಲೇ ಹೂತು ನಿಂತಿತ್ತು. ಡ್ರೈವರು ಚಕ್ರದ ಮುಂದಿನ ಮರಳನ್ನು ಅನ್ನದ ತಟ್ಟೆಯಲ್ಲಿ ಬಗೆಯುತ್ತಿದ್ದ. ಮೋನಪ್ಪನ ಮುಖ ಅರಳಿತು. ಪಕ್ಕದಿಂದ ಹೋಗಿಬಿಟ್ಟರೆ ಗೆದ್ದಂತೆಯೇ ಎಂದು ಸ್ಟೇರಿಂಗು ತಿರುಗಿಸಿದ. ಬೇಬಿ ನಿಲ್ಲಿಸಲು ಹೇಳಿದಳು. ಅವರನ್ನು ಜೀಪಿನ ಹಿಂದೆ ಕಟ್ಟಿಕೊಂಡು ಹೋಗೋಣ ಎಂದಳು.

"ನಿನಗೆ ತಲೆ ಸಮ ಉಂಟಾ?" ಎಂದ ಮೋನಪ್ಪ.

"ಬರೀ ನಮ್ಮ ಅನ್ನ ಹೊತ್ತು ಹತ್ತಿದ್ರೆ ನಾಳೆ ಪುನಃ ಹೆದರಿಕೆಯೇ. ದಿನಾ ಹೆದರಿಕೊಂಡು ಬದುಕ್ಲಿಕ್ಕೆ ನನ್ನಿಂದ ಆಗುದಿಲ್ಲ. ಗೇರು ಹಾರುದಾದ್ರೆ ಇಷ್ಟು ಭಾರಕ್ಕೆ ಇವತ್ತೇ ಹಾರ್ಲಿ."

ಟೆಂಪೊದವನು ನಂಬಲಾರದೆ ಇಬ್ಬರ ಮುಖವನ್ನೂ ನೋಡಿ, "ಅಕ್ಕಾ, ಕಯಿರು ಇರುಕ್ಕು," ಎನ್ನುತ್ತ ಹಗ್ಗ ತಂದು ಕಟ್ಟಿದ. ಮರಳಿನಲ್ಲಿ ಹೂಳದಿರಲೆಂದು ಎರಡೂ ಗಾಡಿಗಳ ಟಯರಿನ ಗಾಳಿ ಅರ್ಧ ಇಳಿಸಿದರು. ಮೋನಪ್ಪ ನಾಲ್ಕು ಚಕ್ರಕ್ಕೆ ಹಾಕಿ, ಲೋ ಗೇರಿಗೆ ಎಳೆದು, ಕ್ಲಚ್ಚು ಬಿಟ್ಟ. ಹಗ್ಗ ಬಿಗಿಯಿತು. ಹಿಂದೆ ಟೆಂಪೊ ಕಪ್ಪು ಹೊಗೆ ಕಾರುತ್ತ ಮೇಲೆದ್ದಿತು. ಬೇಬಿಯ ಕೈಗಳು ಅಭ್ಯಾಸದಂತೆ ಲಿವರನ್ನು ಅವುಚಿಕೊಂಡಿದ್ದವು. ದಿಬ್ಬದ ನಡುವೆ, ಎಂದಿನ ಆ ಜಾಗದಲ್ಲಿ, ಅವಳು ಹಲ್ಲು ಕಚ್ಚಿ ಕಾದಳು. ನಡುಕ ಬರಲಿಲ್ಲ. ಇಂಜಿನ್ ಏದುಸಿರು ಬಿಡುತ್ತಿತ್ತು, ಮರಳು ಚಕ್ರದಡಿಯಲ್ಲಿ ಕುದಿಯುತ್ತಿತ್ತು, ಲಿವರು ಮಾತ್ರ ಗೋಡೆಗೆ ಹೊಡೆದ ಮೊಳೆಯ ಹಾಗೆ ನಿಂತಿತ್ತು. ಅವಳು ಒಂದು ಕೈ ತೆಗೆದಳು. ಏರು ಇನ್ನೂ ಕಡಿದಾಯಿತು. ಇನ್ನೊಂದನ್ನೂ ತೆಗೆದಳು.

ಹಿಡಿ, ಹಿಡಿ ಎಂದು ಮೋನಪ್ಪ ಅರಚಿದ. ಅವಳು ಎರಡೂ ಅಂಗೈಗಳನ್ನು ಅವನ ಮುಖದ ಮುಂದೆ ಬಿಚ್ಚಿ ತೋರಿಸಿದಳು. ಆಮೇಲೆ ಎರಡೂ ಕೈಯನ್ನು ಜೀಪಿನಿಂದ ಮೇಲಕ್ಕೆ ಎತ್ತಿ, ತೇರಿನ ಮೇಲೆ ಕೂತವಳ ಹಾಗೆ ಗಾಳಿಗೆ ಒಡ್ಡಿಕೊಂಡು ನಕ್ಕಳು. ಎಷ್ಟೋ ಕಾಲದ ಮೇಲೆ ಹೊಟ್ಟೆ ತುಂಬ ನಕ್ಕ ನಗು ಅದು. ಜೀಪು ನೆತ್ತಿ ಹತ್ತಿ, ಹಿಂದೆ ಟೆಂಪೊವನ್ನೂ ಹತ್ತಿಸಿಕೊಂಡು, ಸಮುದ್ರದ ಕಡೆಗೆ ಇಳಿಯಿತು.

ಊಟದ ಚಪ್ಪರದ ಮುಂದೆ ರಾಮದಾಸ ಕೈಗಡಿಯಾರ ನೋಡುತ್ತ ನಿಂತಿದ್ದ. ಹೊತ್ತು ಇನ್ನೂ ಆಗಿರಲಿಲ್ಲ. ಅವನು ಜೀಪನ್ನು ನೋಡಿದ, ಹಗ್ಗವನ್ನು ನೋಡಿದ, ಹಗ್ಗದ ತುದಿಗಿದ್ದ ಟೆಂಪೊವನ್ನು ನೋಡಿದ. ಟೆಂಪೊದವನು ಕೆಳಗಿಳಿದು ಯಾರೂ ಕೇಳದಿದ್ದರೂ ನಡೆದದ್ದನ್ನೆಲ್ಲ ಕೈ ಬಾಯಿ ಆಡಿಸಿ ಹೇಳಿದ. ಕೆಲಸದವರು ಸುತ್ತ ನೆರೆದು ಸಿಳ್ಳೆ ಹಾಕಿದರು. ರಾಮದಾಸ ನಗು ತಡೆದುಕೊಂಡು, ಹಾಗಾದರೆ ನಾಳೆಯಿಂದ ಊಟ ಯಾರು ತರುವುದು ಎಂದು ಕೇಳಿದ. ಮೋನಪ್ಪ ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಬೇಬಿ ಸಾಂಬಾರಿನ ಡ್ರಮ್ಮಿನ ಮುಚ್ಚಳ ತೆಗೆದಿದ್ದಳು.

"ನಾವೇ ಸಾರ್," ಎಂದಳು. "ಇವರನ್ನೂ ಎಳ್ಕೊಂಡು ಬರ್ಬೇಕಾದ್ರೆ ಮಾತ್ರ ಹಿಂದಿನ ದಿನವೇ ಹೇಳಿ."

ರಾಮದಾಸ ಕೈಗಡಿಯಾರದ ಮೇಲೆ ಅಂಗಿಯ ತೋಳು ಎಳೆದುಕೊಂಡು, ಒಂದು ತಟ್ಟೆ ಹಿಡಿದು ಅವಳ ಸಾಲಿನಲ್ಲಿ ಬಂದು ನಿಂತ.